ಮಹಾಜನ ವರದಿ ಗೊತ್ತು, ಮಹಾಜನ ತೀರ್ಪು ಗೊತ್ತೇ?

ಜೂನ್ ತಿಂಗಳ ಮೊದಲ ವಾರ. ಹೊರಗೆ ಧೋ ಎಂದು ಮಳೆ. ಪ್ರವೇಶೋತ್ಸವದ ತೋರಣ ಇನ್ನೂ ಬಾಗಿಲಲ್ಲಿ ಒದ್ದೆಯಾಗಿ ನೇತಾಡುತ್ತಿತ್ತು. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಹಾಕಲು ಬಂದ ತಾಯಿಯೊಬ್ಬರು, ಸಹಿ ಹಾಕಿದ ಮೇಲೂ ಹೋಗದೆ ಸ್ಟಾಫ್ ರೂಮಿನ ಬಾಗಿಲ ಬಳಿಯೇ ನಿಂತರು.

"ಮಾಷ್ಟ್ರೆ, ನಿಮ್ಮಲ್ಲಿ ಒಂದು ಕೇಳಲಿಕ್ಕಿತ್ತು. ಇವಳ ಅಪ್ಪ ಗಲ್ಫಿನಿಂದ ಬಂದಿದ್ದಾರೆ. ಅಲ್ಲಿ ಅಂಗಡಿ ನಷ್ಟ ಆಯಿತು. ಸಾಲ ಉಂಟು. ಚೆಕ್ಕೂ ಕೊಟ್ಟಿದ್ದರಂತೆ. ಇನ್ನು ಅಲ್ಲಿಯವರು ಇಲ್ಲಿಗೆ ಬಂದು ಅವರನ್ನು ಹಿಡಿದುಕೊಂಡು ಹೋಗಲಿಕ್ಕೆ ಆಗ್ತದಾ?"

ನಾವು ಇಪ್ಪತ್ತು ವರ್ಷಗಳಿಂದ ಸಮಾಜ ವಿಜ್ಞಾನ ಪಾಠ ಮಾಡುವವರು. ಸಂಸತ್ತು, ರಾಜ್ಯಸಭೆ, ಮೂಲಭೂತ ಹಕ್ಕುಗಳು ಎಂದು ಬೋರ್ಡಿನ ತುಂಬಾ ಬರೆದವರು. ಆದರೂ ಆ ತಾಯಿಗೆ "ಒಬ್ಬ ವಕೀಲರ ಹತ್ತಿರ ಕೇಳಿ ನೋಡಿ" ಎನ್ನುವುದರ ಹೊರತು ಬೇರೆ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಅವರು ತಲೆಯಾಡಿಸಿ ಕೊಡೆ ಬಿಚ್ಚಿ ಹೋದರು. ಪ್ರಶ್ನೆ ಮಾತ್ರ ನಮ್ಮಲ್ಲೇ ಉಳಿಯಿತು.

ಕಾಸರಗೋಡಿನ ಯಾವ ಶಾಲೆಗೆ ಹೋದರೂ ಗಲ್ಫಿನಲ್ಲಿ ಅಪ್ಪ, ಅಣ್ಣ, ಮಾವ ಇರುವ ಮಕ್ಕಳು ಸಿಗುತ್ತಾರೆ. ಆದ್ದರಿಂದ ಇದು ಒಂದು ಮನೆಯ ಪ್ರಶ್ನೆಯಲ್ಲ. ಒಂದು ದೇಶ ಕೇಳಿದ ಮನುಷ್ಯನನ್ನು ಇನ್ನೊಂದು ದೇಶ ಒಪ್ಪಿಸಬೇಕಾದರೆ ಅದಕ್ಕೆ ಯಾರ ಒಪ್ಪಿಗೆ ಬೇಕು? ಮಂತ್ರಿಗಳದ್ದೇ? ಕೋರ್ಟಿನದ್ದೇ? ಅಥವಾ ನಾವು ಓಟು ಹಾಕಿ ಕಳುಹಿಸಿದ ಸಂಸತ್ತಿನದ್ದೇ? ಇದನ್ನು ಹುಡುಕುತ್ತಾ ಹೋದಾಗ ದಾರಿಯಲ್ಲಿ ನಮಗೆ ತುಂಬಾ ಪರಿಚಿತವಾದ ಒಂದು ಹೆಸರು ಸಿಕ್ಕಿತು. ಅದೇ ಮಹಾಜನ್! ಅಲ್ಲಿಗೆ ಬರುವ ಮೊದಲು ಒಂದೆರಡು ಹಳೆಯ ಸಂಗತಿಗಳನ್ನು ನೋಡೋಣ.

ಗಡೀಪಾರು ಬೇರೆ, ಹಸ್ತಾಂತರ ಬೇರೆ

ನಮ್ಮ ಪತ್ರಿಕೆಗಳಲ್ಲಿ ಈ ಎರಡು ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದುಂಟು. ಮಕ್ಕಳಿಗೆ ಹೇಳುವಾಗ ಬೇರೆ ಮಾಡಿಯೇ ಹೇಳಬೇಕು. "ನೀನು ನಮ್ಮ ದೇಶದಲ್ಲಿ ಇರಬೇಡ, ಹೊರಡು" ಎಂದು ಕಳುಹಿಸುವುದು ಗಡೀಪಾರು. ವೀಸಾ ಮುಗಿದವರನ್ನು ವಿಮಾನ ಹತ್ತಿಸುವುದು ಈ ಜಾತಿಯದ್ದು. "ನಮ್ಮಲ್ಲಿ ಅಪರಾಧ ಮಾಡಿ ನಿಮ್ಮಲ್ಲಿ ಬಂದು ಅಡಗಿದ್ದಾನೆ, ವಿಚಾರಣೆಗಾಗಿ ನಮಗೆ ಕೊಡಿ" ಎಂದು ಒಂದು ದೇಶ ಕೇಳಿ, ಇನ್ನೊಂದು ದೇಶ ಕಾನೂನಿನ ಪ್ರಕಾರ ಒಪ್ಪಿಸುವುದು ಹಸ್ತಾಂತರ. ಇದಕ್ಕಾಗಿ ದೇಶಗಳು ಮೊದಲೇ ಮಾಡಿಕೊಳ್ಳುವ ಕರಾರೇ ಹಸ್ತಾಂತರ ಒಪ್ಪಂದ.

ದೇಶದೊಳಗೆ ಇದರ ಅಗತ್ಯವಿಲ್ಲ. ಮಂಗಳೂರಿನ ಪೊಲೀಸರು ವಾರಂಟ್ ಹಿಡಿದು ತಲಪಾಡಿ ದಾಟಿ ಮಂಜೇಶ್ವರಕ್ಕೆ ಬರಬಹುದು. ಭಾಷೆ, ಸರ್ಕಾರ, ಪಠ್ಯಪುಸ್ತಕ ಬದಲಾಗುವ ನಮ್ಮ ಈ ಗಡಿ ವಾರಂಟಿಗೆ ಗಡಿಯಲ್ಲ. ಆದರೆ ಸ್ವಾತಂತ್ರ್ಯಕ್ಕೆ ಮೊದಲು ಹಾಗಿರಲಿಲ್ಲ. ಆಗ ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, ಬ್ರಿಟಿಷ್ ಇಂಡಿಯಾಕ್ಕೆ ಸೇರಿತ್ತು. ಮೈಸೂರು ಮಹಾರಾಜರ ಸಂಸ್ಥಾನ. ಇಲ್ಲಿ ತಪ್ಪು ಮಾಡಿದವನು ಘಟ್ಟ ಹತ್ತಿ ಮೈಸೂರಿಗೆ ಹೋದರೆ ಅವನನ್ನು ತರಲು ಹಸ್ತಾಂತರವೇ ಬೇಕಾಗುತ್ತಿತ್ತು. ಕನ್ನಡದವನು ಕನ್ನಡದ ನೆಲಕ್ಕೇ ಓಡಿದರೂ ಅದು ಪರರಾಜ್ಯ!

ಒಪ್ಪಿಸುವುದಿಲ್ಲ ಎಂದದ್ದಕ್ಕೆ ಒಂದು ಯುದ್ಧ

ಇನ್ನೂ ಹಿಂದೆ ಹೋದರೆ, ಮನುಷ್ಯರನ್ನು ಒಪ್ಪಿಸುವ ಜಗಳವೇ ಬೆಳೆದು ಒಂದು ರಾಜ್ಯ ಮುಳುಗಿದ ಕಥೆ ನಮ್ಮ ಪಕ್ಕದಲ್ಲೇ ಇದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿ ಓದಿದವರಿಗೆ ಕೊಡಗಿನ ಕೊನೆಯ ಅರಸ ಗೊತ್ತು. ಅವನ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚೆನ್ನಬಸಪ್ಪ 1832ರಲ್ಲಿ ಅರಸನಿಗೆ ಹೆದರಿ ಕೊಡಗು ಬಿಟ್ಟು ಮೈಸೂರು ಸೀಮೆಗೆ ಓಡಿಹೋದರು. ಅಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಕಸಮೇಜರ್ ಅವರಿಗೆ ಆಶ್ರಯ ಕೊಟ್ಟ. ನನ್ನವರನ್ನು ನನಗೆ ಒಪ್ಪಿಸಬೇಕು ಎಂದು ಅರಸನ ಪಟ್ಟು. ಒಪ್ಪಿಸಿದರೆ ಅವರ ಜೀವ ಉಳಿಯುವುದಿಲ್ಲ ಎಂದು ಇಂಗ್ಲಿಷರ ಪಟ್ಟು.

ಮಾತುಕತೆಗಾಗಿ ಮಲಬಾರಿನಿಂದ ಕರುಣಾಕರ ಮೆನನ್ ಎಂಬ ಅಧಿಕಾರಿಯನ್ನು ಕಳುಹಿಸಿದರು. ಅರಸ ಅವನನ್ನೇ ತಡೆದು ಇಟ್ಟುಕೊಂಡು, ತಂಗಿ ಭಾವಂದಿರನ್ನು ಕೊಟ್ಟರೆ ಇವನನ್ನು ಬಿಡುತ್ತೇನೆ ಎಂದ. 1834ರ ಏಪ್ರಿಲ್‌ನಲ್ಲಿ ಯುದ್ಧವೇ ಆಯಿತು. ಕಂಪೆನಿ ಸೈನ್ಯ ಹಲವು ದಿಕ್ಕುಗಳಿಂದ ಕೊಡಗಿಗೆ ನುಗ್ಗಿತು. ಅದರಲ್ಲಿ ಕರ್ನಲ್ ಜಾಕ್ಸನ್‌ನ ತುಕಡಿ ಹೊರಟದ್ದು ನಮ್ಮ ಕುಂಬಳೆಯಿಂದ. ಅದು ದಾರಿಯಲ್ಲೇ ಪೆಟ್ಟು ತಿಂದು ಹಿಂದಿರುಗಿತು. ಆದರೆ ಬೇರೆ ತುಕಡಿಗಳು ಮಡಿಕೇರಿ ತಲುಪಿದವು. ಅರಸ ಶರಣಾದ, ಕೊಡಗು ಕಂಪೆನಿಯ ಪಾಲಾಯಿತು.

ಇಂಗ್ಲಿಷರಿಗೆ ಕೊಡಗಿನ ಮೇಲೆ ಕಣ್ಣಿರಲಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ನೆಪವಾದದ್ದು ಹಸ್ತಾಂತರದ ಜಗಳ. ಕೊಡಬೇಕು ಎಂದವನು ಒಬ್ಬ ಅರಸ, ಕೊಡುವುದಿಲ್ಲ ಎಂದವನು ಒಬ್ಬ ರೆಸಿಡೆಂಟ್. ನಡುವೆ ಕಾನೂನೂ ಇಲ್ಲ, ಕೋರ್ಟೂ ಇಲ್ಲ. ಇದರ ಫಲ ಉಂಡವರು ಮಾತ್ರ ಮೂರನೆಯವರು. ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಪ್ರದೇಶಗಳನ್ನು ಕತ್ತರಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಧಾನ್ಯದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಗದು ಕೊಡಬೇಕಾಯಿತು. 1837ರಲ್ಲಿ ಕಲ್ಯಾಣಪ್ಪನ ಹೆಸರಿನ ದಂಗೆ ಎದ್ದು ಮಂಗಳೂರಿನವರೆಗೆ ಬಂತಲ್ಲ, ಅದರ ಕಾರಣಗಳಲ್ಲಿ ಇದೂ ಒಂದು. ಆ ರೈತರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಸಿಂಗಾಪುರದಿಂದ ಬಂದ ದಂಪತಿ

ಈಗ ಮಹಾಜನರ ಕಥೆಗೆ ಬರೋಣ. ಇಸವಿ 1952. ಆಗಲೂ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನಮ್ಮ ಸರ್ಕಾರ ಮದ್ರಾಸಿನದ್ದು, ನಮ್ಮ ಹೈಕೋರ್ಟೂ ಮದ್ರಾಸಿನದ್ದೇ. ಸಿಂಗಾಪುರದಲ್ಲಿ ವಕೀಲರಾಗಿದ್ದ ಸಿ.ಜಿ. ಮೆನನ್ ಎಂಬವರೂ ಅವರ ಪತ್ನಿಯೂ ಆ ವರ್ಷ ಭಾರತಕ್ಕೆ ಬಂದರು. ಪತ್ನಿಯೂ ಕಾನೂನು ಓದಿದವರು, ಸಿಂಗಾಪುರದ ಶಾಸನ ಸಭೆಯ ಸದಸ್ಯೆಯಾಗಿದ್ದವರು. ಗಂಡನ ಮೇಲೆ ಸಿಂಗಾಪುರದಲ್ಲಿ ನಂಬಿಕೆದ್ರೋಹದ ಆರೋಪ, ಹೆಂಡತಿಯ ಮೇಲೆ ಅದಕ್ಕೆ ನೆರವಾದ ಆರೋಪ. ಸಿಂಗಾಪುರ ಆಗ ಬ್ರಿಟಿಷ್ ವಸಾಹತು. ಅಲ್ಲಿನ ಸರ್ಕಾರ ಭಾರತ ಸರ್ಕಾರಕ್ಕೆ ಪತ್ರ ಬರೆದು ಇಬ್ಬರನ್ನೂ ಕಳುಹಿಸಿಕೊಡಿ ಎಂದಿತು. ಇಬ್ಬರನ್ನೂ ಬಂಧಿಸಿ ಮದ್ರಾಸಿನ ಎಗ್ಮೋರ್‌ನಲ್ಲಿದ್ದ ಚೀಫ್ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು.

ಯಾವ ಕಾನೂನಿನ ಪ್ರಕಾರ ಬಂಧನ? 1881ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಪರಾರಿ ಅಪರಾಧಿಗಳ ಕಾನೂನು! ಇಡೀ ಬ್ರಿಟಿಷ್ ಸಾಮ್ರಾಜ್ಯವೇ ಒಂದು ಮನೆ, ವಸಾಹತುಗಳೆಲ್ಲ ಅದರ ಕೋಣೆಗಳು ಎಂಬ ಲೆಕ್ಕದಲ್ಲಿ ಮಾಡಿದ ಕಾನೂನು ಅದು. ಒಂದು ಗುಂಪಿಗೆ ಸೇರಿಸಿದ ವಸಾಹತುಗಳ ನಡುವೆಯಂತೂ ಮೇಲ್ನೋಟಕ್ಕೆ ಸಾಕ್ಷ್ಯ ಇದೆಯೇ ಎಂದು ನೋಡಬೇಕಾದ ಅಗತ್ಯವೂ ಇರಲಿಲ್ಲ. ವಾರಂಟ್ ಸರಿಯಾಗಿದೆ, ಮನುಷ್ಯ ಇವನೇ ಹೌದು ಎಂದಾದರೆ ಸಾಕು, ಕಳುಹಿಸಬಹುದಿತ್ತು. ಬೇರೆ ವಿದೇಶಗಳಿಗೆ ಕಳುಹಿಸುವುದಾದರೆ ಮ್ಯಾಜಿಸ್ಟ್ರೇಟರು ಸಾಕ್ಷ್ಯ ನೋಡಬೇಕಿತ್ತು.

ಮೆನನ್ ದಂಪತಿ ಸುಮ್ಮನಿರಲಿಲ್ಲ. 1950ರ ಜನವರಿ 26ರ ನಂತರ ಈ ಕಾನೂನು ಭಾರತದಲ್ಲಿ ನಡೆಯುತ್ತದೆಯೇ ಎಂದು ಪ್ರಶ್ನಿಸಿದರು. ಮ್ಯಾಜಿಸ್ಟ್ರೇಟರು ಪ್ರಶ್ನೆಯನ್ನು ಹೈಕೋರ್ಟಿಗೆ ಕಳುಹಿಸಿದರು. ಸಾಕ್ಷ್ಯ ನೋಡದೆ ಕಳುಹಿಸುವುದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ಮದ್ರಾಸ್ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

1954ರ ಮೇ 19ರಂದು ತೀರ್ಪು ಬಂತು. ಐವರು ನ್ಯಾಯಮೂರ್ತಿಗಳ ಪೀಠ. ತೀರ್ಪು ಬರೆದವರು ಆಗಿನ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್. ಹೌದು, ನಮ್ಮ ಮಹಾಜನ್ ಆಯೋಗದ ಅದೇ ಮಹಾಜನ್!

ತೀರ್ಪಿನ ತಿರುಳು ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಆ ಹಳೆಯ ಕಾನೂನು ಬ್ರಿಟಿಷ್ ಸಾಮ್ರಾಜ್ಯದ ಭಾಗಗಳಿಗಾಗಿ ಮಾಡಿದ್ದು. ಭಾರತ ಗಣರಾಜ್ಯವಾದ ಮೇಲೆ ಅದು ಯಾರ ಸಾಮ್ರಾಜ್ಯದ ಭಾಗವೂ ಅಲ್ಲ. ಆದ್ದರಿಂದ ಆ ಗುಂಪಿನಲ್ಲಿ ಭಾರತವನ್ನು ಸೇರಿಸಿ ಮನುಷ್ಯರನ್ನು ಕಳುಹಿಸುವಂತಿಲ್ಲ. ಹೈಕೋರ್ಟಿನ ತೀರ್ಮಾನ ಉಳಿಯಿತು. 14ನೇ ವಿಧಿಯ ಚರ್ಚೆಗೆ ಹೋಗುವ ಅಗತ್ಯವೇ ಸುಪ್ರೀಂ ಕೋರ್ಟಿಗೆ ಕಾಣಲಿಲ್ಲ.

ಮೆನನ್ ದಂಪತಿ ತಪ್ಪು ಮಾಡಿದ್ದರೋ ಇಲ್ಲವೋ ಎಂಬುದು ಇಲ್ಲಿ ತೀರ್ಮಾನವಾಗಲಿಲ್ಲ. ತೀರ್ಮಾನವಾದದ್ದು ಬೇರೆ. ಎರಡು ಸರ್ಕಾರಗಳು ಪತ್ರ ಬರೆದುಕೊಂಡು ಒಪ್ಪಿದ ಮಾತ್ರಕ್ಕೆ ಒಬ್ಬ ಮನುಷ್ಯನನ್ನು ಹಡಗು ಹತ್ತಿಸಲಾಗದು. ಅದಕ್ಕೆ ಈ ದೇಶದಲ್ಲಿ ಜೀವಂತವಾಗಿರುವ ಒಂದು ಕಾನೂನು ಬೇಕು. ಆ ಕಾನೂನನ್ನು ಲಂಡನ್ನಿನ ಪಾರ್ಲಿಮೆಂಟಲ್ಲ, ನಮ್ಮ ಸಂಸತ್ತೇ ಮಾಡಬೇಕು.

ಕಾಸರಗೋಡಿನ ಕನ್ನಡಿಗರಿಗೆ ಮಹಾಜನ್ ಎಂದರೆ ಒಂದೇ ನೆನಪು. 1966ರಲ್ಲಿ ನೇಮಕವಾದ ಆಯೋಗ, 1967ರ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಶಿಫಾರಸು, ಅದು ಜಾರಿಯಾಗದೆ ಉಳಿದದ್ದು. ನೆಲದ ಗಡಿಯ ಬಗ್ಗೆ ಬರೆಯುವ 13 ವರ್ಷ ಮೊದಲೇ ಅವರು ಮನುಷ್ಯನನ್ನು ಗಡಿ ದಾಟಿಸುವ ಬಗ್ಗೆ ಬರೆದಿದ್ದರು. ವರದಿ ಶಿಫಾರಸಾಗಿಯೇ ಉಳಿಯಿತು. ತೀರ್ಪು ಮಾತ್ರ ಸಂಸತ್ತನ್ನು ಎಬ್ಬಿಸಿತು.

ಸಂಸತ್ತು ಮಾಡಿದ ಕಾನೂನು

ಸಂಸತ್ತು 1962ರಲ್ಲಿ ಹಸ್ತಾಂತರ ಕಾನೂನನ್ನು ಮಾಡಿತು. ಅದು 1963ರ ಜನವರಿ 5ರಂದು ಜಾರಿಗೆ ಬಂತು. 1993ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ ಮುಖ್ಯ ಮೆಟ್ಟಿಲುಗಳು ಹೀಗಿವೆ.

ವಿದೇಶ ನೇರವಾಗಿ ಊರಿನ ಪೊಲೀಸ್ ಠಾಣೆಗೆ ಬರುವಂತಿಲ್ಲ. ಕೋರಿಕೆ ದೆಹಲಿಯ ವಿದೇಶಾಂಗ ಸಚಿವಾಲಯಕ್ಕೆ ಬರಬೇಕು. ಸಚಿವಾಲಯಕ್ಕೆ ಸರಿ ಎನಿಸಿದರೆ ಮ್ಯಾಜಿಸ್ಟ್ರೇಟರಿಂದ ವಿಚಾರಣೆ ನಡೆಸುವಂತೆ ಆದೇಶಿಸುತ್ತದೆ. ಮ್ಯಾಜಿಸ್ಟ್ರೇಟರು ಎರಡೂ ಕಡೆಯ ಮಾತು ಕೇಳಿ, ಮೇಲ್ನೋಟಕ್ಕೆ ಪ್ರಕರಣ ಇದೆಯೇ ಎಂದು ನೋಡುತ್ತಾರೆ. ಇಲ್ಲ ಎನಿಸಿದರೆ ಬಿಟ್ಟುಬಿಡುತ್ತಾರೆ. ಇದೆ ಎನಿಸಿದರೆ ಜೈಲಿನಲ್ಲಿಟ್ಟು ಕೇಂದ್ರ ಸರ್ಕಾರಕ್ಕೆ ವರದಿ ಕಳುಹಿಸುತ್ತಾರೆ. ಕೊನೆಯ ತೀರ್ಮಾನ ಕೇಂದ್ರ ಸರ್ಕಾರದ್ದು. ಅದು ಬೇಡವೆಂದು ಬಿಡಲೂಬಹುದು.

ಅಪರಾಧ ರಾಜಕೀಯ ಸ್ವರೂಪದ್ದಾದರೆ ಒಪ್ಪಿಸುವಂತಿಲ್ಲ. ಒಂದು ಅಪರಾಧಕ್ಕೆಂದು ಕರೆದುಕೊಂಡು ಹೋಗಿ ಹಳೆಯ ಇನ್ನೊಂದಕ್ಕೆ ವಿಚಾರಣೆ ನಡೆಸುವಂತಿಲ್ಲ. ನಮ್ಮಲ್ಲಿ ಗಲ್ಲು ಶಿಕ್ಷೆ ಇರುವ ಅಪರಾಧಕ್ಕೆ, ಗಲ್ಲು ಇಲ್ಲದ ದೇಶವೊಂದು ಆರೋಪಿಯನ್ನು ನಮಗೆ ಒಪ್ಪಿಸಿದರೆ ಅವನಿಗೆ ಗಲ್ಲು ವಿಧಿಸುವಂತಿಲ್ಲ, ಜೀವಾವಧಿಯಷ್ಟೆ. ಈ ಕೊನೆಯ ಮಾತು 1993ರ ತಿದ್ದುಪಡಿಯಲ್ಲಿ ಬಂದದ್ದು. ತಂಗಿಯನ್ನು ಒಪ್ಪಿಸಿದರೆ ಜೀವ ಉಳಿಯದು ಎಂಬ 1832ರ ಭಯಕ್ಕೆ 160 ವರ್ಷಗಳ ಮೇಲೆ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿತು ಎನ್ನಬಹುದು.

ಈ ಮೆಟ್ಟಿಲುಗಳು ಎಷ್ಟು ನಿಧಾನ ಎಂದು ತಿಳಿಯಬೇಕಾದರೆ ಎದುರು ದಿಕ್ಕಿನಿಂದ ನೋಡಬೇಕು. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ಇಂಗ್ಲೆಂಡಿಗೆ ಹೋದರು. ಭಾರತ ಮತ್ತು ಬ್ರಿಟನ್ ನಡುವೆ 1992ರಲ್ಲೇ ಒಪ್ಪಂದ ಆಗಿತ್ತು. ಲಂಡನ್ನಿನ ಮ್ಯಾಜಿಸ್ಟ್ರೇಟ್ ಕೋರ್ಟು ಒಪ್ಪಿಸಬಹುದು ಎಂದದ್ದು 2018ರ ಡಿಸೆಂಬರ್‌ನಲ್ಲಿ. ಅಲ್ಲಿನ ಹೈಕೋರ್ಟು ಅವರ ಮೇಲ್ಮನವಿ ತಳ್ಳಿಹಾಕಿದ್ದು 2020ರ ಏಪ್ರಿಲ್‌ನಲ್ಲಿ. ಅದರ ನಂತರವೂ ವರ್ಷಗಟ್ಟಲೆ ಅವರು ಭಾರತಕ್ಕೆ ಬರಲಿಲ್ಲ. "ಒಪ್ಪಂದ ಇದೆಯಲ್ಲ ಸರ್, ಮತ್ತೆ ಯಾಕೆ ತರಲಿಲ್ಲ?" ಎಂದು ತರಗತಿಯಲ್ಲಿ ಕೇಳುವ ಮಕ್ಕಳಿಗೆ ಇದೇ ಉತ್ತರ. ಒಪ್ಪಂದ ಬಾಗಿಲು ಮಾತ್ರ. ಒಳಗೆ ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳು ಶ್ರೀಮಂತನಿಗೆ ಅನುಕೂಲವಾದಾಗ ನಮಗೆ ಸಿಟ್ಟು ಬರುತ್ತದೆ. ಆದರೆ ಅವು ಇಲ್ಲದಿದ್ದರೆ ಮೊದಲು ಜಾರಿ ಬೀಳುವವನು ಬಡವನೇ.

ಹಾಗಾದರೆ ಒಪ್ಪಂದಕ್ಕೆ ಒಪ್ಪಿಗೆ ಯಾರದ್ದು?

ಈಗ ಕಷ್ಟದ ಪ್ರಶ್ನೆ. ಕಾನೂನನ್ನು ಸಂಸತ್ತು ಮಾಡಿತು ಸರಿ. ಆದರೆ ಒಂದೊಂದು ದೇಶದ ಜೊತೆ ಮಾಡುವ ಒಪ್ಪಂದವನ್ನು ಸಂಸತ್ತು ನೋಡಿ ಒಪ್ಪುತ್ತದೆಯೇ?

ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14ನೆಯದು ವಿದೇಶಗಳ ಜೊತೆಗಿನ ಒಪ್ಪಂದ, 18ನೆಯದು ಹಸ್ತಾಂತರ. ಇವುಗಳ ಮೇಲೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ ಇದೆ. ಆದರೆ ಒಪ್ಪಂದ ಹೇಗೆ ಮಾಡಬೇಕು, ಯಾರ ಒಪ್ಪಿಗೆ ಪಡೆಯಬೇಕು ಎಂದು ಸಂಸತ್ತು ಒಂದು ಕಾನೂನು ಮಾಡಿಲ್ಲ. ಆದ್ದರಿಂದ 73ನೇ ವಿಧಿಯ ಬಲದಿಂದ ಕೇಂದ್ರ ಸರ್ಕಾರವೇ ಸಹಿ ಹಾಕುತ್ತದೆ, ಮಂತ್ರಿಮಂಡಲವೇ ಒಪ್ಪುತ್ತದೆ. ಯು.ಎ.ಇ. ಜೊತೆ 1999ರಲ್ಲಿ, ಬಹರೈನ್, ಕುವೈತ್ ಮತ್ತು ಓಮನ್ ಜೊತೆ 2004ರಲ್ಲಿ, ಸೌದಿ ಅರೇಬಿಯದ ಜೊತೆ 2010ರಲ್ಲಿ ಸಹಿ ಬಿದ್ದ ಒಪ್ಪಂದಗಳೆಲ್ಲ ಹೀಗೆಯೇ ಆದದ್ದು. ನಮ್ಮ ಜಿಲ್ಲೆಯ ಅದೆಷ್ಟೋ ಮನೆಗಳಿಗೆ ಸಂಬಂಧಪಟ್ಟ ಈ ಒಪ್ಪಂದಗಳ ಮೇಲೆ ಲೋಕಸಭೆಯಲ್ಲಿ ಕೈ ಎತ್ತಿಸಿ ಮತ ಕೇಳಿದ್ದಿಲ್ಲ.

1962ರ ಕಾನೂನಿನ 35ನೇ ಸೆಕ್ಷನ್ ಒಂದು ಸಣ್ಣ ಕೆಲಸ ಹೇಳುತ್ತದೆ. ಕಾನೂನನ್ನು ಯಾವ ದೇಶಕ್ಕೆ ಅನ್ವಯಿಸಿದರೂ ಆ ಅಧಿಸೂಚನೆಯನ್ನು ಸಂಸತ್ತಿನ ಎರಡೂ ಸದನಗಳ ಮೇಜಿನ ಮೇಲೆ ಇಡಬೇಕು. ಇಡುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ. ನಮ್ಮ ಶಾಲೆಯ ಮಾತಿನಲ್ಲಿ ಹೇಳುವುದಾದರೆ, ಪಿ.ಟಿ.ಎ. ಮಹಾಸಭೆಯಲ್ಲಿ ಲೆಕ್ಕಪತ್ರ ಓದಿ ಮಂಜೂರು ಮಾಡಿಸುವುದು ಒಂದು, ಅದೇ ಲೆಕ್ಕವನ್ನು ನೋಟೀಸ್ ಬೋರ್ಡಿಗೆ ಅಂಟಿಸುವುದು ಇನ್ನೊಂದು. ಇಲ್ಲಿ ಆಗುವುದು ಎರಡನೆಯದು.

ಬೇರೆ ದೇಶಗಳಲ್ಲಿ ಹೇಗೆ? ಅಮೆರಿಕದಲ್ಲಿ ಅಧ್ಯಕ್ಷರು ಸಹಿ ಹಾಕಿದರೂ ಹಾಜರಿರುವ ಸೆನೆಟ್ ಸದಸ್ಯರಲ್ಲಿ ಮೂರನೇ ಎರಡು ಭಾಗದವರು ಒಪ್ಪಬೇಕು. ಭಾರತ ಮತ್ತು ಅಮೆರಿಕದ ಹಸ್ತಾಂತರ ಒಪ್ಪಂದಕ್ಕೆ 1997ರ ಜೂನ್‌ನಲ್ಲಿ ಸಹಿ ಬಿತ್ತು. ಅದು ಸೆನೆಟ್ ದಾಟಿ ಜಾರಿಗೆ ಬಂದದ್ದು 1999ರ ಜುಲೈಯಲ್ಲಿ. ಅಂದರೆ ಒಂದೇ ಕಾಗದವನ್ನು ಅವರ ಶಾಸಕರು ಮತ ಹಾಕಿ ಒಪ್ಪಿದರು, ನಮ್ಮವರ ಮತ ಯಾರೂ ಕೇಳಲಿಲ್ಲ. ಅದಕ್ಕೆ ಮೊದಲು ಯಾವ ಒಪ್ಪಂದ ಇತ್ತು ಎಂದರೆ ಇನ್ನೂ ಸ್ವಾರಸ್ಯ. 1931ರಲ್ಲಿ ಬ್ರಿಟನ್ ಅಮೆರಿಕದ ಜೊತೆ ಮಾಡಿಕೊಂಡದ್ದೇ ಸ್ವತಂತ್ರ ಭಾರತಕ್ಕೂ ಮುಂದುವರಿಯುತ್ತದೆ ಎಂದು ರೋಸಿಲಿನ್ ಜಾರ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಬ್ರಿಟನ್ನಿನಲ್ಲಿ 2010ರ ಕಾನೂನಿನ ಪ್ರಕಾರ ಒಪ್ಪಂದವನ್ನು ಸದನ ನಡೆಯುವ 21 ದಿನ ಪಾರ್ಲಿಮೆಂಟಿನ ಮುಂದೆ ಇಡಬೇಕು, ಸದಸ್ಯರು ತಕರಾರು ಎತ್ತಬಹುದು. ಆಸ್ಟ್ರೇಲಿಯ 2007ರಲ್ಲಿ ಚೀನಾದ ಜೊತೆ ಹಸ್ತಾಂತರ ಒಪ್ಪಂದಕ್ಕೆ ಸಹಿ ಹಾಕಿತ್ತು. ಹತ್ತು ವರ್ಷಗಳ ನಂತರ 2017ರಲ್ಲಿ ಅದು ಪಾರ್ಲಿಮೆಂಟಿಗೆ ಬಂದಾಗ ಸದಸ್ಯರ ವಿರೋಧ ನೋಡಿ ಸರ್ಕಾರವೇ ಹಿಂದೆ ತೆಗೆದುಕೊಂಡಿತು. ಶಾಸಕರ ಒಪ್ಪಿಗೆ ಬೇಕು ಎಂಬ ನಿಯಮಕ್ಕೆ ಇರುವ ಬೆಲೆ ಇದು.

ನಮ್ಮಲ್ಲಿ ಯಾರೂ ಕೇಳಲೇ ಇಲ್ಲ ಎಂದಲ್ಲ. ಮುಂದೆ ಕೇರಳದ ಶಿಕ್ಷಣ ಮಂತ್ರಿಯಾದ ಎಂ.ಎ. ಬೇಬಿಯವರು 1990ರ ದಶಕದಲ್ಲಿ ರಾಜ್ಯಸಭಾ ಸದಸ್ಯರಾಗಿದ್ದಾಗ, ವಿದೇಶಿ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಕಡ್ಡಾಯವಾಗಬೇಕೆಂದು ಖಾಸಗಿ ಮಸೂದೆ ತಂದಿದ್ದರು. ಕರ್ನಾಟಕದವರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯಲ್ಲಿ 2000ರಲ್ಲಿ ರಚನೆಯಾದ ಸಂವಿಧಾನ ಪರಿಶೀಲನಾ ಆಯೋಗ ಇದೇ ವಿಷಯದ ಮೇಲೆ ಒಂದು ಚರ್ಚಾ ಪತ್ರವನ್ನೇ ಹೊರತಂದಿತು. ಚರ್ಚೆ ಆಯಿತು, ಕಾನೂನು ಆಗಲಿಲ್ಲ.

ಸರ್ಕಾರದ ಪರವಾದ ಮಾತೂ ಇದೆ, ಅದನ್ನೂ ಹೇಳಬೇಕು. ಮೂಲ ಕಾನೂನನ್ನು ಸಂಸತ್ತೇ ಮಾಡಿದೆ, ಎಲ್ಲ ಒಪ್ಪಂದಗಳೂ ಅದರ ಅಡಿಯಲ್ಲೇ ನಡೆಯಬೇಕು. ಪ್ರತಿಯೊಂದಕ್ಕೂ ಮತ ಕೇಳುತ್ತಾ ಕುಳಿತರೆ ಅಪರಾಧಿಗಳು ಅಷ್ಟರಲ್ಲಿ ದೇಶ ಬದಲಾಯಿಸುತ್ತಾರೆ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಒಪ್ಪಂದದ ಒಳಗಿನ ಷರತ್ತುಗಳು ಒಂದೇ ರೀತಿ ಇರುವುದಿಲ್ಲ. ಕೆಲವು ಒಪ್ಪಂದಗಳಲ್ಲಿ ಸ್ವಂತ ಪ್ರಜೆಗಳನ್ನು ಒಪ್ಪಿಸುವುದಿಲ್ಲ ಎಂದಿದೆ, ಕೆಲವದರಲ್ಲಿ ಒಪ್ಪಿಸಬಹುದು ಎಂದಿದೆ. ಒಂದು ಮಾತು ಕೊಟ್ಟರೆ ಅದು ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಅಬು ಸಲೇಂ ಪ್ರಕರಣ ನೋಡಿ. ಗಲ್ಲು ಇಲ್ಲ, 25 ವರ್ಷಕ್ಕಿಂತ ಹೆಚ್ಚು ಜೈಲೂ ಇಲ್ಲ ಎಂದು 2002ರಲ್ಲಿ ಆಗಿನ ಉಪಪ್ರಧಾನಿ ಎಲ್.ಕೆ. ಅದ್ವಾನಿ ಪೋರ್ಚುಗಲ್‌ಗೆ ಭರವಸೆ ಕೊಟ್ಟರು. 2005ರಲ್ಲಿ ಆತನನ್ನು ಕರೆತರಲಾಯಿತು. ಆ ಮಾತಿಗೆ ಸರ್ಕಾರ ಬದ್ಧವಾಗಿರಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ತೂಕದ ಮಾತುಗಳನ್ನು ಕೊಡುವ ಮೊದಲು ಜನಪ್ರತಿನಿಧಿಗಳು ಒಮ್ಮೆ ಓದಿ ನೋಡುವುದರಲ್ಲಿ ನಷ್ಟವೇನು ಎಂಬುದೇ ನಮ್ಮ ಸಣ್ಣ ಪ್ರಶ್ನೆ.

ನೆಲ ಕೊಡುವುದು, ಮನುಷ್ಯನನ್ನು ಕೊಡುವುದು

ಗಡಿನಾಡಿನವರಾದ ನಮಗೆ ಇಲ್ಲಿ ಇನ್ನೊಂದು ಹೋಲಿಕೆ ಹೊಳೆಯುತ್ತದೆ. ನೆಲವನ್ನು ಒಪ್ಪಿಸುವುದಕ್ಕೆ ಯಾರ ಒಪ್ಪಿಗೆ ಬೇಕು?

ನಮ್ಮ ದಕ್ಷಿಣಕ್ಕೆ ಇರುವ ಮಾಹೆಯನ್ನು ನೋಡಿ. 1954ರ ಜುಲೈಯಲ್ಲೇ ಫ್ರೆಂಚರು ಅಲ್ಲಿಂದ ಹೊರಟರು. 1956ರ ಮೇ ತಿಂಗಳಲ್ಲಿ ಭಾರತ ಮತ್ತು ಫ್ರಾನ್ಸ್ ನಡುವೆ ಒಪ್ಪಂದಕ್ಕೆ ಸಹಿಯೂ ಬಿತ್ತು. ಆದರೆ ಫ್ರೆಂಚ್ ಪಾರ್ಲಿಮೆಂಟು ಒಪ್ಪಿದ್ದು 1962ರಲ್ಲಿ. ಅಲ್ಲಿಯವರೆಗೆ ಕಾಗದದ ಮೇಲೆ ಮಾಹೆ ಪೂರ್ತಿಯಾಗಿ ನಮ್ಮದಾಗಿರಲಿಲ್ಲ. 1962ರ ಆಗಸ್ಟ್ 16ರಂದು ಆಯಿತು. ಬಂಗಾಳದ ಬೇರುಬಾರಿಯನ್ನು ಪಾಕಿಸ್ತಾನಕ್ಕೆ ಕೊಡಲು ಪ್ರಧಾನಿ ಒಪ್ಪಿದ್ದರೂ, ಸಂಸತ್ತು ಸಂವಿಧಾನವನ್ನೇ ತಿದ್ದದೆ ನೆಲ ಕೊಡುವಂತಿಲ್ಲ ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದೂ ಸಂಸತ್ತಿನ ಕಾನೂನೇ, 1956ರ ರಾಜ್ಯ ಪುನರ್ವಿಂಗಡಣಾ ಕಾನೂನು. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಶಾಸನ ಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಾಗಿಲ್ಲ. ಹೀಗೆ ನವೆಂಬರ್ 1ರಂದು ಒಂದು ಕಡೆ ರಾಜ್ಯೋತ್ಸವವೂ ಇನ್ನೊಂದು ಕಡೆ ಬೇಸರವೂ ನಮ್ಮ ಪಾಲಿಗೆ ಬಂತು. ಸಂಸತ್ತು ಮತ ಹಾಕಿತು ಎಂದ ಮಾತ್ರಕ್ಕೆ ಸಂಬಂಧಪಟ್ಟ ಜನರ ಮಾತು ಅಲ್ಲಿ ಕೇಳಿಸಿತು ಎಂದಲ್ಲ ಎಂಬುದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆದರೂ ಅಲ್ಲಿ ಚರ್ಚೆ ನಡೆಯಿತು, ಯಾರು ಏನು ಹೇಳಿದರು ಎಂಬ ದಾಖಲೆ ಉಳಿಯಿತು. ಕೇಳದೆ ನಡೆದ 1834ಕ್ಕೂ ಚರ್ಚಿಸಿ ನಡೆದ 1956ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಆದ್ದರಿಂದ ನಮ್ಮ ದೇಶದ ಲೆಕ್ಕ ಹೀಗಿದೆ. ನೆಲ ಕೊಡಬೇಕಾದರೆ ಸಂಸತ್ತು ಬೇಕು. ಮನುಷ್ಯನನ್ನು ಕೊಡುವ ಒಪ್ಪಂದಕ್ಕೆ ಸಂಸತ್ತು ಬೇಡ. ಆದರೆ ಆ ಒಪ್ಪಂದದ ಹೆಸರಿನಲ್ಲಿ ಒಬ್ಬನನ್ನು ಕರೆದೊಯ್ಯಬೇಕಾದರೆ ಸಂಸತ್ತು ಮಾಡಿದ ಕಾನೂನೂ, ಒಬ್ಬ ಮ್ಯಾಜಿಸ್ಟ್ರೇಟರ ವಿಚಾರಣೆಯೂ ಬೇಕೇ ಬೇಕು. ಅಷ್ಟರಮಟ್ಟಿಗೆ ಮಹಾಜನರ ತೀರ್ಪು ನಮ್ಮನ್ನು ಕಾದಿದೆ.

ಆ ತಾಯಿಗೆ ಕೊಟ್ಟ ಉತ್ತರ

ಓಣಂ ಪರೀಕ್ಷೆಯ ಅಂಕಪಟ್ಟಿಗೆ ಸಹಿ ಹಾಕಲು ಅವರು ಮತ್ತೆ ಬಂದರು. ಈ ಸಲ ನಾವೇ ಕರೆದು ಕುಳ್ಳಿರಿಸಿದೆವು. ನಾವು ವಕೀಲರಲ್ಲ, ಓದಿದ್ದನ್ನು ಹೇಳುತ್ತೇವೆ ಎಂದು ಮೊದಲೇ ಹೇಳಿ, ಒಂದೊಂದಾಗಿ ವಿವರಿಸಿದೆವು. ಅಲ್ಲಿನ ಪೊಲೀಸರು ನೇರವಾಗಿ ಮನೆಗೆ ಬಂದು ಕರೆದೊಯ್ಯುವಂತಿಲ್ಲ. ದೆಹಲಿಗೆ ಕೋರಿಕೆ ಬರಬೇಕು, ಕೋರ್ಟು ನೋಡಬೇಕು, ಅವರ ಮಾತನ್ನೂ ಕೇಳಬೇಕು. ಬರಿಯ ಸಾಲ ಹಸ್ತಾಂತರದ ವಿಷಯವಲ್ಲ. ಚೆಕ್ಕಿನ ವಿಷಯ ಹಾಗಲ್ಲ, ಚೆಕ್ ಬೌನ್ಸ್ ನಮ್ಮಲ್ಲೂ ಅಪರಾಧವೇ. ಯು.ಎ.ಇ.ಯಲ್ಲಿ 2022ರ ಜನವರಿಯಿಂದ ಹಣ ಸಾಲದೆ ಹಿಂದೆ ಬಂದ ಚೆಕ್ಕಿನ ನಿಯಮ ಬಹಳಷ್ಟು ಸಡಿಲವಾಗಿದೆ. ಆದರೆ ಇನ್ನೊಂದು ಬಾಗಿಲು ತೆರೆದಿದೆ. 2020ರ ಜನವರಿಯ ಅಧಿಸೂಚನೆಯ ಪ್ರಕಾರ ಯು.ಎ.ಇ. ಕೋರ್ಟುಗಳ ಸಾಲದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ಕೋರ್ಟಿನಲ್ಲೇ ಜಾರಿ ಮಾಡಿಸಬಹುದು. ಮನುಷ್ಯನನ್ನು ಕೊಂಡುಹೋಗದಿದ್ದರೂ ಆಸ್ತಿಯ ಮೇಲೆ ಬರಬಹುದು. ಆದ್ದರಿಂದ ಅಡಗಿ ಕೂರುವುದಕ್ಕಿಂತ ಕಾಗದಪತ್ರ ಎಲ್ಲ ಹಿಡಿದು ವಕೀಲರನ್ನು ಕಾಣುವುದೇ ಒಳ್ಳೆಯದು.

ಅವರು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಹೇಳಿದರು: "ಅಂದರೆ ಕೇಳದೆ ಕರಕೊಂಡು ಹೋಗುವುದಿಲ್ಲ. ಅಷ್ಟು ಗೊತ್ತಾದರೆ ಸಾಕು ಮಾಷ್ಟ್ರೆ. ರಾತ್ರಿ ಗೇಟಿನ ಶಬ್ದ ಆದರೆ ಅವರು ಎದ್ದು ಕೂತುಕೊಳ್ಳುತ್ತಾರೆ."

ಕೇಳದೆ ಕರೆದುಕೊಂಡು ಹೋಗುವುದಿಲ್ಲ. ಈ ವರ್ಷ ಸಂವಿಧಾನದ ಪಾಠಕ್ಕೆ ಬಂದಾಗ ನಾವು ಬೋರ್ಡಿನಲ್ಲಿ ಮೊದಲು ಬರೆದದ್ದು ಆ ತಾಯಿಯ ಇದೇ ಮಾತನ್ನು. ಅದರ ಕೆಳಗೆ 1954 ಎಂದು ಬರೆದು, ಪಕ್ಕದಲ್ಲಿ ಮಹಾಜನರ ಹೆಸರು ಬರೆದೆವು. ಮಕ್ಕಳು ಕೂಡಲೇ ಕೈ ಎತ್ತಿದರು. "ಸರ್, ಅದು ಕಾಸರಗೋಡಿನ ಮಹಾಜನ್ ವರದಿಯ ಹೆಸರಲ್ವಾ?"

ಹೌದು ಮಕ್ಕಳೇ, ಅವರೇ. ಇದು ಅವರ ಇನ್ನೊಂದು ಕಥೆ.